ಒಂದೇ ಭಾನುವಾರ, ಐದು ಜಲಪಾತ: ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯವರು ಯಾವುದನ್ನು ಆರಿಸಬೇಕು?

ಆರಿದ್ರಾ ಮಳೆ ಹಿಡಿದು ಎರಿ ಹೊಲಗಳಲ್ಲಿ ಹೆಸರು ಚಿಗುರುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಜಲಪಾತದ ಮಾತು ಶುರುವಾಗುತ್ತದೆ. ಒಬ್ಬರಿಗೆ ದೂಧಸಾಗರವೇ ಆಗಬೇಕು, ಇನ್ನೊಬ್ಬರಿಗೆ ಮಾಗೋಡು ಸಾಕು, ಮಕ್ಕಳಿಗೆ ನೀರಿಗೆ ಇಳಿಯುವಂಥ ಜಾಗ ಬೇಕು, ಅಜ್ಜಿಯ ಮೊಣಕಾಲು ಮೆಟ್ಟಿಲನ್ನು ಒಪ್ಪುವುದಿಲ್ಲ, ಕೈಯಲ್ಲಿರುವುದು ಮಾತ್ರ ಒಂದೇ ಭಾನುವಾರ. ಹೀಗೆ ಎರಡು ಮೂರು ಹೆಸರುಗಳ ನಡುವೆ ಸಿಕ್ಕಿಕೊಂಡವರಿಗೆಲ್ಲ ಹೊಂದುವ ಒಂದೇ ಉತ್ತರವಿಲ್ಲ; ಆದರೆ ಯಾವ ಅಳತೆಗೋಲು ಹಿಡಿದು ನೋಡಬೇಕೆಂಬುದನ್ನು ಹೇಳಬಹುದು. ನಮ್ಮ ಊರುಗಳಿಂದ ನಸುಕಿನಲ್ಲಿ ಹೊರಟು ಅದೇ ರಾತ್ರಿ, ಹೆಚ್ಚೆಂದರೆ ಮರುದಿನ, ಮನೆ ಸೇರಬಹುದಾದ ಜಾಗಗಳನ್ನಷ್ಟೇ ಇಲ್ಲಿ ತೂಗಿ ನೋಡಿದ್ದೇನೆ.

ಮೊದಲನೆಯ ಅಳತೆಗೋಲು ತಿಂಗಳು. ಬಹಳ ಜನ ಎತ್ತರವನ್ನು ನೋಡಿ ಜಲಪಾತ ಆರಿಸುತ್ತಾರೆ. ಆದರೆ 300 ಮೀಟರ್ ಎತ್ತರದ ಬಂಡೆ ಏಪ್ರಿಲ್‌ನಲ್ಲಿಯೂ 300 ಮೀಟರೇ ಇರುತ್ತದೆ, ಇಲ್ಲವಾಗುವುದು ನೀರು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಹೊಳೆಗಳು ತುಂಬಿರುತ್ತವೆ, ಆದರೆ ಆಗ ನೀರಿನ ಸಮೀಪ ಹೋಗಲು ಬಿಡುವುದಿಲ್ಲ, ಬಿಟ್ಟರೂ ಹೋಗಬಾರದು. ಜನವರಿ ದಾಟಿದ ಮೇಲೆ ಕೆಲವೆಡೆ ಬುಡದವರೆಗೆ ನಡೆದು ಹೋಗಬಹುದು, ಆದರೆ ಅಲ್ಲಿ ತಲೆಯೆತ್ತಿ ನೋಡಿದರೆ ಕಾಣುವುದು ಬಂಡೆಗೆ ಅಂಟಿಕೊಂಡ ಒಂದು ಬಿಳಿ ಎಳೆ. ತುಂಬಿದ ನೀರು ಮತ್ತು ಸಮೀಪದ ನೀರು, ಇವೆರಡೂ ಒಂದೇ ದಿನ ಸಿಗುವುದು ಅಪರೂಪವೆಂಬುದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವಿನವರೆಗೆ ಮಾತ್ರ ಎರಡೂ ಅಷ್ಟಿಷ್ಟು ಕೈಗೆ ಸಿಗುವ ಸಂದೊಂದಿದೆ. ನನ್ನನ್ನು ಕೇಳಿದರೆ ದಸರೆ ಮುಗಿದು ದೀಪಾವಳಿ ಬರುವ ಮೊದಲಿನ ವಾರಗಳನ್ನು ಹಿಡಿಯಬೇಕು. ರಜೆಯ ಗದ್ದಲ ಕಡಿಮೆ, ಹೊಳೆಯಲ್ಲಿ ಇನ್ನೂ ಜೀವವಿರುತ್ತದೆ.

ಎರಡನೆಯದು, ಹೋಗುವುದು ನೋಡುವುದಕ್ಕೋ ನೆನೆಯುವುದಕ್ಕೋ ಎಂಬುದು. ಮಕ್ಕಳಿರುವ ಮನೆಯವರು ಇದನ್ನು ಹೊರಡುವ ಮುನ್ನವೇ ಬಗೆಹರಿಸಿಕೊಳ್ಳಬೇಕು. ಈಜುವ ಆಸೆ ಹುಟ್ಟಿಸಿ ಕರೆದೊಯ್ದ ಮಗುವನ್ನು ಕಬ್ಬಿಣದ ಕಟಾಂಜನದ ಹಿಂದೆ ನಿಲ್ಲಿಸಿ ದೂರದ ನೀರನ್ನು ತೋರಿಸಿದರೆ ಮರಳುವ ದಾರಿಯೆಲ್ಲ ಅಳುವಿನದೇ ಆಗುತ್ತದೆ. ಮೂರನೆಯದು ನಡಿಗೆ, ಅದರಲ್ಲಿಯೂ ಮೆಟ್ಟಿಲು. ಬೆಟ್ಟ ಹತ್ತುವಾಗ ದಣಿದವನು ಅರ್ಧದಲ್ಲಿ ತಿರುಗಿ ಬರಬಹುದು. ಜಲಪಾತದಲ್ಲಿ ಲೆಕ್ಕ ಉಲ್ಟಾ: ಮೊದಲು ಇಳಿಜಾರು, ಇಳಿಯುವಾಗ ಎಲ್ಲರೂ ಶೂರರೇ, ಕಷ್ಟವೆಲ್ಲ ಊಟವಾದ ಮೇಲಿನ ಏರಿಗೆ ಕಾದಿರುತ್ತದೆ. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರು ಯಾರೋ ಅವರ ಏರುವ ಶಕ್ತಿಗೆ ತಕ್ಕ ಜಾಗವೇ ಇಡೀ ಗುಂಪಿಗೆ ತಕ್ಕ ಜಾಗ. ನಾಲ್ಕನೆಯದು ಖರ್ಚು. ಇದರಲ್ಲಿ ಪ್ರವೇಶ ಶುಲ್ಕದ ಪಾಲು ಚಿಕ್ಕದು. ಕೊನೆಯ ಇಪ್ಪತ್ತು ಮೂವತ್ತು ಕಿಲೋಮೀಟರ್‌ಗೆ ಹಿಡಿಯುವ ಬಾಡಿಗೆ ಗಾಡಿಯದೇ ದೊಡ್ಡ ಪಾಲು.

ಇನ್ನು ಒಂದೊಂದನ್ನೇ ನೋಡೋಣ.

ಮಾಗೋಡಿಗೆ ಧಾರವಾಡದವರು ಹೋಗುವುದೆಂದರೆ ತಮ್ಮ ಊರಿನ ನೀರನ್ನೇ ಹಿಂಬಾಲಿಸಿ ಹೋದಂತೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಕಲಘಟಗಿಯ ಕಡೆಗೆ ಇಳಿದು ಬೇಡ್ತಿಯನ್ನು ಸೇರುತ್ತದೆ. ಆ ಬೇಡ್ತಿಯೇ ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಎರಡು ನೆಗೆತದಲ್ಲಿ ಸುಮಾರು 200 ಮೀಟರ್ ಧುಮುಕಿ, ಮುಂದೆ ಗಂಗಾವಳಿಯೆಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ಬಯಲುಸೀಮೆಯ ಮಣ್ಣನ್ನು ಹೊತ್ತು ಬರುವುದರಿಂದ ಜುಲೈ–ಆಗಸ್ಟ್‌ನಲ್ಲಿ ಈ ನೀರು ಹಾಲಿನಂತಿರುವುದಿಲ್ಲ, ಕೆಂಪಾಗಿರುತ್ತದೆ. ಬಿಳಿ ಧಾರೆಯೇ ಬೇಕೆನ್ನುವವರು ಅಕ್ಟೋಬರ್‌ಗೆ ಕಾಯಬೇಕು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸುಮಾರು 70 ಕಿಲೋಮೀಟರ್, ಅಲ್ಲಿಂದ ಮಾಗೋಡಿಗೆ ಇನ್ನೊಂದು ಇಪ್ಪತ್ತು. ಅಂಕೋಲೆಯ ಕಡೆಗೆ ಇಳಿಯುವ ಅರಬೈಲು ಘಟ್ಟ ಯಲ್ಲಾಪುರದ ಆಚೆಗಿದೆ. ಹೀಗಾಗಿ ಮಳೆಗಾಲದಲ್ಲಿ ಘಟ್ಟ ಕುಸಿದು ದಾರಿ ಕಟ್ಟುವ ಭಯ ಇಲ್ಲಿಗೆ ಹೋಗುವವರಿಗೆ ಕಡಿಮೆ.

ಮಾಗೋಡಿನ ಗುಣವೂ ಕೊರತೆಯೂ ಒಂದೇ: ಅದು ದೂರದಿಂದ ನೋಡುವ ಜಲಪಾತ. ವಾಹನ ನಿಲ್ಲಿಸಿ ಸ್ವಲ್ಪ ನಡೆದರೆ ಕಣಿವೆಯ ಈಚೆ ದಂಡೆಯ ವೀಕ್ಷಣಾ ಸ್ಥಳ ಸಿಗುತ್ತದೆ, ನೀರು ಆಚೆ ಬದಿಯಲ್ಲಿ ಬೀಳುತ್ತಿರುತ್ತದೆ. ನೀರು ಮುಟ್ಟುವ ಮಾತೇ ಇಲ್ಲ. ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯುವವರಿಗೆ ಇದಕ್ಕಿಂತ ಅನುಕೂಲದ ಜಾಗ ನಮ್ಮ ಸಮೀಪದಲ್ಲಿಲ್ಲ. ಇಪ್ಪತ್ತು ವರ್ಷದ ಹುಡುಗರಿಗೆ ಮಾತ್ರ ಹತ್ತು ನಿಮಿಷದಲ್ಲಿ ಬೇಸರ ಬಂದೀತು. ಅಂಥವರು ಸಮೀಪದ ಜೇನುಕಲ್ಲು ಗುಡ್ಡವನ್ನೂ ಸೇರಿಸಿಕೊಳ್ಳಲಿ. ಅಲ್ಲಿ ಸಂಜೆಯ ಹೊತ್ತು ಕಣಿವೆಯ ಮೇಲೆ ಸೂರ್ಯ ಮುಳುಗುವುದನ್ನು ನೋಡುವುದಕ್ಕೆಂದೇ ಜನ ಬರುತ್ತಾರೆ. ದಾರಿಯಲ್ಲಿ ಕವಡೀಕೆರೆಯ ದಂಡೆಯ ಮೇಲೆ ಬುತ್ತಿ ಬಿಚ್ಚಬಹುದು. ಬೇಸಿಗೆಗೆ ಮಾತ್ರ ಇದು ಸಲ್ಲದು. ಏಪ್ರಿಲ್‌ನ ಒಂದು ರಜೆಯಲ್ಲಿ ಪರ ಊರಿನಿಂದ ಬಂದ ಬೀಗರಿಗೆ ನಮ್ಮ ಕಡೆಯ ವೈಭವ ತೋರಿಸುತ್ತೇನೆಂದು ಹೊರಟವನು ನಾನೇ. ಅವರು ಕಣಿವೆಯನ್ನೆಲ್ಲ ಹುಡುಕಿ ‘ಎಲ್ಲಿ ಬೀಳತದ ನೀರು?’ ಎಂದು ಕೇಳಿದಾಗ ಬೆರಳು ಮಾಡಿ ತೋರಿಸಬೇಕಾಯಿತು.

ಯಲ್ಲಾಪುರದಿಂದಲೇ ಇನ್ನೊಂದು ದಿಕ್ಕಿಗೆ ಸುಮಾರು 32 ಕಿಲೋಮೀಟರ್ ಹೋದರೆ ಸಾತೊಡ್ಡಿ. ಎತ್ತರದಲ್ಲಿ ಇದು ಮಾಗೋಡಿನ ಮುಂದೆ ಮಗು, ಸುಮಾರು 15 ಮೀಟರ್. ಅಗಲವಾಗಿ, ಚೌಕಾಕಾರದ ಬಂಡೆಯ ಮೇಲಿನಿಂದ ಸುರಿದು ಮುಂದೆ ಕಾಳಿ ನದಿಯ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರಿಗೆ ಸೇರುತ್ತದೆ. ವಾಹನ ಬಿಟ್ಟ ಮೇಲೆ ಹಳ್ಳದ ಪಕ್ಕದಲ್ಲಿ, ಮರಗಳ ನೆರಳಿನಲ್ಲಿ ಒಂದು ಕಿಲೋಮೀಟರ್‌ನಷ್ಟು ನಡಿಗೆ. ಹತ್ತು ವರ್ಷದ ಮಕ್ಕಳು ಕುಣಿಯುತ್ತ ಹೋಗುವಂಥ ದಾರಿ ಇದು, ಹಿರಿಯರೂ ಕೈಕೋಲು ಹಿಡಿದು ನಿಧಾನವಾಗಿ ಹೋಗಬಹುದು. ಬುಡದಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂರಲು ಬಂಡೆಗಳಿವೆ. ಮಕ್ಕಳ ಮನೆಗೆ ನಾನು ಮೊದಲು ಹೇಳುವ ಹೆಸರು ಇದೇ, ಆದರೆ ಎರಡು ಕರಾರಿನ ಮೇಲೆ. ಒಂದು, ನವೆಂಬರ್‌ಗಿಂತ ಮೊದಲು ನೀರಿಗೆ ಇಳಿಯುವ ಆಸೆ ಬೇಡ. ಮಳೆಗಾಲದಲ್ಲಿ ಇಲ್ಲಿನ ಸೆಳವು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಎಲ್ಲೋ ಮೇಲೆ ಸುರಿದ ಮಳೆಗೆ ಇಲ್ಲಿ ಬಿಸಿಲಿರುವಾಗಲೇ ಹಳ್ಳ ಏರಿ ಬರುತ್ತದೆ. ನೀರು ಸಟ್ಟನೆ ಕೆಂಪಾಯಿತೆಂದರೆ, ಎಲೆ ಕಸ ತೇಲಿ ಬರತೊಡಗಿತೆಂದರೆ ಏಳಬೇಕು, ಫೋಟೊ ಆಮೇಲೆ. ಇನ್ನೊಂದು, ಕೊನೆಯ ಕೆಲವು ಕಿಲೋಮೀಟರ್ ರಸ್ತೆ ಕಿರಿದು, ಒರಟು. ತಗ್ಗಿನ ಕಾರು ತಂದವರು ಅಡಿಯನ್ನು ಉಜ್ಜಿಸಿಕೊಂಡೇ ಹೋಗಬೇಕಾದೀತು. ಮಾಗೋಡು ಮತ್ತು ಸಾತೊಡ್ಡಿಗಳನ್ನು ಒಂದೇ ದಿನದಲ್ಲಿ ಮುಗಿಸುವ ಯೋಜನೆಯನ್ನು ಬಹಳ ಜನ ಹಾಕುತ್ತಾರೆ. ಹುಬ್ಬಳ್ಳಿಯನ್ನು ಬೆಳಗಿನ ಆರಕ್ಕೆ ಬಿಟ್ಟವರಿಗೆ ಅದು ಸಾಧ್ಯ. ಗದಗಿನವರಿಗೆ ಹುಬ್ಬಳ್ಳಿಯವರೆಗಿನ 60 ಕಿಲೋಮೀಟರ್ ಆಸುಪಾಸಿನ ದಾರಿ ಬೇರೆ ಇರುವುದರಿಂದ ಅದು ಓಟವಾದೀತೇ ಹೊರತು ಪ್ರವಾಸವಾಗದು.

ಇನ್ನು ದೂಧಸಾಗರ. ಗೊಂದಲ ಹೆಚ್ಚಿರುವುದೂ ತಪ್ಪು ಮಾಹಿತಿ ಹೆಚ್ಚು ತಿರುಗಾಡುವುದೂ ಇದರ ಸುತ್ತಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಕರ್ನಾಟಕ–ಗೋವಾ ಗಡಿಯಲ್ಲಿ, ಗೋವೆಯ ಭಗವಾನ್ ಮಹಾವೀರ ಅಭಯಾರಣ್ಯದೊಳಗೆ, ನಾಲ್ಕು ಹಂತಗಳಲ್ಲಿ ಸುಮಾರು 310 ಮೀಟರ್ ಇಳಿಯುವ ಈ ನೀರು ಮಹದಾಯಿ ಕೊಳ್ಳಕ್ಕೆ ಸೇರಿದ್ದು. ಮಹದಾಯಿಯ ನೀರನ್ನು ನಮ್ಮ ಕಡೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗಾಗಿ ದಶಕಗಳಿಂದ ರಸ್ತೆಗಿಳಿದ ನಮ್ಮ ಕಡೆಯವರು ಅದೇ ಕೊಳ್ಳದ ನೀರು ಇಷ್ಟು ಎತ್ತರದಿಂದ ಸುರಿಯುವುದನ್ನು ನೋಡಿ ಬಾಯಲ್ಲಿ ಬೇರೆಯದೇ ರುಚಿ ಹೊತ್ತು ಮರಳುತ್ತಾರೆ. ಜಲಪಾತದ ನಡುವೆಯೇ ರೈಲು ಸೇತುವೆ ಹಾದುಹೋಗುತ್ತದೆ. ಹುಬ್ಬಳ್ಳಿ, ಧಾರವಾಡ, ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವೆಗಿಳಿಯುವ ಈ ಮಾರ್ಗದಲ್ಲಿ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದ ಭಾಗ ಸುಮಾರು 26 ಕಿಲೋಮೀಟರ್. ಪ್ರತಿ 37 ಮೀಟರ್‌ಗೆ ಒಂದು ಮೀಟರ್ ಏರು ಅಥವಾ ಇಳಿತವಿರುವುದರಿಂದ ರೈಲು ತೀರ ನಿಧಾನವಾಗಿ ಸಾಗುತ್ತದೆ.

ಕ್ಯಾಸಲ್‌ರಾಕ್‌ನಲ್ಲಿ ಇಳಿದು ಹಳಿಗುಂಟ ಹದಿನಾಲ್ಕು ಕಿಲೋಮೀಟರ್‌ನಷ್ಟು ನಡೆದು ಜಲಪಾತ ಸೇರುವುದು ಒಂದು ಕಾಲಕ್ಕೆ ನಮ್ಮ ಕಾಲೇಜು ಹುಡುಗರ ದೊಡ್ಡ ಸಾಹಸವಾಗಿತ್ತು. ಅದನ್ನು ಇಂದು ಆಯ್ಕೆಯೆಂದು ಪರಿಗಣಿಸಲೇಬಾರದು. ಹಳಿಯ ಮೇಲಿನ ನಡಿಗೆಯನ್ನು ರೈಲ್ವೆ ನಿಷೇಧಿಸಿದೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2023ರ ಜುಲೈನಲ್ಲಿ ಹಾಗೆ ಬಂದ ನೂರಾರು ಜನರನ್ನು ತಡೆದು, ಕೆಲವರಿಂದ ಹಳಿಯ ಪಕ್ಕದಲ್ಲಿಯೇ ಬಸ್ಕಿ ಹೊಡೆಸಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಬಸ್ಕಿಯ ಅವಮಾನ ಮರೆತುಹೋದೀತು; ಸುರಂಗದೊಳಗೆ ಇರುವಾಗ ರೈಲು ಎದುರಾದರೆ ಅಂಚಿಗೆ ಸರಿಯಲು ಜಾಗ ತೀರ ಕಡಿಮೆ ಎಂಬುದು ನಿಜವಾದ ಅಪಾಯ.

ಉಳಿದಿರುವ ದಾರಿಗಳು ಎರಡು. ಮಳೆಗಾಲದಲ್ಲಿ ರೈಲಿನ ಕಿಟಕಿಯಿಂದ ನೋಡುವುದು ಒಂದು. ಹುಬ್ಬಳ್ಳಿಯಿಂದ ಕುಳೆಂಗೆ ನಾಲ್ಕು ತಾಸಿನ ಆಸುಪಾಸು ಹಿಡಿಯುತ್ತದೆ. ಅದೇ ದಿನ ಮರಳುವ ರೈಲು ಇದೆಯೇ, ಘಟ್ಟ ದಾಟುವ ಹೊತ್ತು ಬೆಳಕಿರುತ್ತದೆಯೇ ಎಂಬ ಎರಡನ್ನು ವೇಳಾಪಟ್ಟಿಯಲ್ಲಿ ನೋಡಿಕೊಂಡೇ ಟಿಕೆಟ್ ತೆಗೆಸಬೇಕು, ಏಕೆಂದರೆ ಈ ಮಾರ್ಗದ ಕೆಲವು ರೈಲುಗಳು ವಾರದ ಕೆಲವೇ ದಿನ ಓಡುತ್ತವೆ. ಜಲಪಾತ ಕಾಣುವುದು ಕೆಲವೇ ನಿಮಿಷ, ಮಂಜು ಮುಸುಕಿದರೆ ಅದೂ ಇಲ್ಲ. ಆದರೂ ತಲೆಗೆ ತಗಲುವ ಖರ್ಚು ಇಲ್ಲಿ ಹೇಳಿದ ಎಲ್ಲ ಜಾಗಗಳ ಬಾಡಿಗೆ ಗಾಡಿಗಳಿಗಿಂತ ಕಡಿಮೆ, ನಡಿಗೆ ಶೂನ್ಯ, ನೀರು ಮಾತ್ರ ವರ್ಷದಲ್ಲಿಯೇ ಅತಿ ಹೆಚ್ಚು. ಜುಲೈನಲ್ಲಿಯೇ ನೋಡಬೇಕೆಂಬ ಹಟವಿರುವವರಿಗೆ ಇದೇ ದಾರಿ. ಬಾಗಿಲ ಮೆಟ್ಟಿಲ ಮೇಲೆ ನಿಂತು ಮೊಬೈಲು ಹೊರಚಾಚುವವರನ್ನು ಪ್ರತಿ ಸಲವೂ ನೋಡುತ್ತೇನೆ. ಸುರಂಗದ ಗೋಡೆ ಕೈಯಳತೆಯಲ್ಲಿರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು ದಾರಿ ಕುಳೆಂನಿಂದ ಹೊರಡುವ ಜೀಪು. ಮಳೆಗಾಲದಲ್ಲಿ ಮುಚ್ಚಿರುವ ಕಾಡಿನ ದಾರಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ತೆರೆದು ಮೇವರೆಗೆ ನಡೆಯುತ್ತದೆ. ತೊರೆಗಳನ್ನು ದಾಟಿ ಹೋಗುವ ಈ ಜೀಪಿಗೆ ಆರೇಳು ಜನ ಹಿಡಿಯುತ್ತಾರೆ, ಕೊನೆಗೆ ಬಂಡೆಗಳ ನಡುವೆ ಒಂದಿಷ್ಟು ನಡಿಗೆ, ನೀರಿಗೆ ಇಳಿಯುವವರಿಗೆ ಲೈಫ್ ಜಾಕೆಟ್ ಕಡ್ಡಾಯ. ಬಾಡಿಗೆ ಜೀಪಿನ ಲೆಕ್ಕದ್ದಾದ್ದರಿಂದ ಗಂಡ ಹೆಂಡತಿ ಇಬ್ಬರೇ ಹೋದರೆ ದುಬಾರಿ, ಆರು ಜನರಾದರೆ ಹಗುರ. ಅಕ್ಟೋಬರ್–ನವೆಂಬರ್‌ನಲ್ಲಿ ಇಲ್ಲಿ ನೀರೂ ಇರುತ್ತದೆ, ಬುಡವೂ ಸಿಗುತ್ತದೆ. ಆದರೆ ಗೋವೆಯ ಪ್ರವಾಸಿಗರೆಲ್ಲ ಅಲ್ಲಿಯೇ ನೆರೆಯುವ ಕಾಲವೂ ಅದೇ. ಶನಿವಾರ, ಭಾನುವಾರ ತಡವಾಗಿ ಹೋದವರಿಗೆ ಆ ದಿನದ ಜೀಪು ಮುಗಿದಿರುವುದುಂಟು. ಧಾರವಾಡದಿಂದ ಅಳ್ನಾವರ, ರಾಮನಗರ, ಅನಮೋಡ ಘಟ್ಟ, ಮೊಲೆಂ ದಾರಿಯಾಗಿ ಕಾರಿನಲ್ಲಿ ಹೋಗಿ ಅದೇ ದಿನ ಮರಳಬಹುದಾದರೂ ಚಾಲಕನಿಗೆ ಅದು ಜಲಪಾತದ ದಿನವಾಗುವುದಿಲ್ಲ, ಸ್ಟೀರಿಂಗಿನ ದಿನವಾಗುತ್ತದೆ. ಒಂದು ರಾತ್ರಿ ಗೋವೆಯಲ್ಲಿ ಉಳಿಯುವ ಶಕ್ತಿ ಇದ್ದವರು ಮಾತ್ರ ಇದನ್ನು ಆರಿಸಲಿ ಎಂಬುದು ನನ್ನ ಅಭಿಪ್ರಾಯ.

ಹಾವೇರಿಯವರಿಗೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಅವರಿಗೆ ಹತ್ತಿರದ ಘಟ್ಟದ ಊರು ಶಿರಸಿ, ಸುಮಾರು 80 ಕಿಲೋಮೀಟರ್; ಅಲ್ಲಿಂದ 35 ಕಿಲೋಮೀಟರ್ ಆಸುಪಾಸಿನಲ್ಲಿ, ಹೆಗ್ಗರಣಿಯ ಬಳಿ, ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿ. ಅಘನಾಶಿನಿ ಇಲ್ಲಿ 116 ಮೀಟರ್ ಬೀಳುತ್ತದೆ. 1845ರಲ್ಲಿ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಇದನ್ನು ಕಂಡನೆಂದು ಅವನ ಹೆಸರೂ ಇದಕ್ಕೆ ಅಂಟಿಕೊಂಡಿದೆ; ಊರವರ ಹೆಸರು ಕೆಪ್ಪ ಜೋಗ, ಎದುರು ನಿಂತವನ ಕಿವಿ ಕೆಪ್ಪಾಗುವಷ್ಟು ಸದ್ದೆಂದು. ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಆದ್ದರಿಂದ ಇಲ್ಲಿ ಬೀಳುವ ನೀರು ಯಾರೂ ತಿರುಗಿಸಿ ನಿಲ್ಲಿಸುವ ನಲ್ಲಿಯ ನೀರಲ್ಲ, ಶಿರಸಿ–ಸಿದ್ದಾಪುರದ ಮಳೆಯ ನೇರ ಲೆಕ್ಕ. ಸುತ್ತಲಿನ ಕಾಡು, ನೀರಿನ ಧಾರೆ, ನೋಡುವ ಕೋನ ಮೂರನ್ನೂ ಸೇರಿಸಿ ಹೇಳುವುದಾದರೆ ಐದರಲ್ಲಿ ಚೆಂದದ್ದು ಇದೇ. ಈ ಮಾತಿಗೆ ಜೋಗದ ಅಭಿಮಾನಿಗಳು ಸಿಟ್ಟಾದರೂ ಅಡ್ಡಿಯಿಲ್ಲ.

ಆದರೆ ಉಂಚಳ್ಳಿಯೂ ನೋಡುವ ಜಲಪಾತ, ನೆನೆಯುವುದಲ್ಲ. ವಾಹನ ಬಿಟ್ಟ ಮೇಲೆ ಕಾಡಿನೊಳಗೆ ಮೆಟ್ಟಿಲಿಳಿದು ಹೋಗಬೇಕು. ಮೇಲಿನ ವೀಕ್ಷಣಾ ಸ್ಥಳದಿಂದಲೇ ಪೂರ್ತಿ ಧಾರೆ ಕಾಣುವುದರಿಂದ ಮೊಣಕಾಲು ನೋವಿನವರು ಅಲ್ಲಿಯೇ ಕೂತು ಉಳಿದವರನ್ನು ಕೆಳಗೆ ಕಳಿಸಬಹುದು. ಜುಲೈನಲ್ಲಿ ಇಲ್ಲಿಗೆ ಬಂದವರಿಗೆ ಮೋಸವಾಗುವ ಸಂಭವವೇ ಹೆಚ್ಚು: ಸದ್ದು ಕಿವಿ ತುಂಬುತ್ತದೆ, ಕಣ್ಣಿಗೆ ಬಿಳಿ ಮಂಜಿನ ಗೋಡೆ. ಒಮ್ಮೆ ಒಂದೂವರೆ ತಾಸು ಕಾದ ಮೇಲೆ ಮಂಜು ಅರೆ ನಿಮಿಷ ಸರಿದು ಮತ್ತೆ ಮುಚ್ಚಿತು. ಆ ಹೊತ್ತಿಗೆ ನನ್ನ ಕಾಲುಚೀಲದೊಳಗೆ ನಾಲ್ಕು ಉಂಬಳಗಳಿದ್ದವು. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಬರುವುದು ಲೇಸು. ಉಂಬಳಕ್ಕೆ ಉಪ್ಪು ಅಥವಾ ಸುಣ್ಣ–ತಂಬಾಕಿನ ಪುಡಿ ಸಾಕು. ಆದರೆ ಡಿಸೆಂಬರ್ ನಂತರ ಸಿದ್ದಾಪುರ ತಾಲ್ಲೂಕಿನ ಕಾಡಿಗೆ ಹೋಗುವವರು ಉಣುಗಿನ (ಉಣ್ಣಿಯ) ಬಗ್ಗೆ ಎಚ್ಚರದಿಂದಿರಬೇಕು. ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಈ ತಾಲ್ಲೂಕಿನಲ್ಲಿ ಅದು ಮರಳಿ ಮರಳಿ ಕಾಣಿಸಿಕೊಂಡಿದೆ. ಮೈತುಂಬ ಬಟ್ಟೆ ತೊಟ್ಟು ಹೋಗುವುದು, ತರಗೆಲೆಯ ಮೇಲೆ ಕೂರದಿರುವುದು, ಮಂಗ ಸತ್ತು ಬಿದ್ದಿದ್ದರೆ ದೂರ ಸರಿದು ಹಳ್ಳಿಯವರಿಗೆ ತಿಳಿಸುವುದು, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡುವುದು, ಇಷ್ಟನ್ನು ಮರೆಯಬಾರದು.

ಜೋಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶರಾವತಿ 253 ಮೀಟರ್ ಧುಮುಕುವ ಈ ಜಾಗಕ್ಕೆ ಹಾವೇರಿಯಿಂದಲೂ ಹುಬ್ಬಳ್ಳಿಯಿಂದಲೂ ಬಸ್ಸಿನಲ್ಲಿ ಹೋಗಿ ಬರಬಹುದು, ಊಟ, ವಸತಿ, ಶೌಚಾಲಯಗಳ ಅನುಕೂಲ ಮಿಕ್ಕೆಲ್ಲದಕ್ಕಿಂತ ಮೇಲು. ತಿಳಿದಿರಬೇಕಾದದ್ದು ಒಂದೇ: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬುವುದು ಜಲಾಶಯ ತುಂಬಿ ಗೇಟು ತೆರೆದಾಗ ಮಾತ್ರ. ಅದರ ಗರಿಷ್ಠ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ದಿನವೂ ಅಚ್ಚು ಹಾಕುತ್ತವೆ. ಅಂಕಿ ಆ ಗುರುತಿಗೆ ಹತ್ತಿರ ಬಂದಾಗ ಹೊರಟವರಿಗೆ ಜೋಗ ಒಲಿಯುತ್ತದೆ. ಬುಡಕ್ಕಿಳಿಯುವ ಮೆಟ್ಟಿಲುಗಳು 1,400ರಷ್ಟಿವೆ. ಇಳಿಯುವ ಮೊದಲು ಮೇಲೆ ಹೇಳಿದ ಏರಿನ ಲೆಕ್ಕವನ್ನು ಇನ್ನೊಮ್ಮೆ ಮಾಡಿಕೊಳ್ಳಿ.

ಇವೈದರ ಹೊರಗೆ, ನಡೆಯಲಾಗದವರನ್ನು ಕರೆದೊಯ್ಯಬೇಕಾದ ಮನೆಯವರಿಗೆ ಗೋಕಾಕವೂ ಇದೆ. ಘಟಪ್ರಭೆ 52 ಮೀಟರ್ ಬೀಳುವ ಅಲ್ಲಿ ಕಾಡೂ ಇಲ್ಲ, ಘಟ್ಟವೂ ಇಲ್ಲ. ಬೆಟ್ಟದ ಜಲಪಾತದ ಆಸೆ ಅದರಿಂದ ತೀರದು, ಆದರೆ ಆಗಸ್ಟ್‌ನಲ್ಲಿ ಅದರ ಮೈದುಂಬಿದ ಕೆಂಪು ನೀರು ನೋಡಬೇಕಾದದ್ದೇ.

ಖರ್ಚಿನ ಮಾತಿಗೆ ಬರೋಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದ್ದರಿಂದ ಯಲ್ಲಾಪುರ, ಶಿರಸಿ, ಜೋಗಗಳ ಲೆಕ್ಕ ಮನೆ ಮಂದಿಗೆ ಬಹಳ ಹಗುರಾಗಿದೆ. ಅಕ್ಕ ತಂಗಿಯರು, ಗೆಳತಿಯರು ಸೇರಿ ಹೋಗುವ ಗುಂಪಿಗೆ ಯಲ್ಲಾಪುರದವರೆಗಿನ ಖರ್ಚು ಬುತ್ತಿಯದಷ್ಟೇ. ಗಡಿ ದಾಟುವ ದೂಧಸಾಗರಕ್ಕೆ ಈ ಅನುಕೂಲವಿಲ್ಲ. ಯಲ್ಲಾಪುರ ಅಥವಾ ಶಿರಸಿಯಲ್ಲಿ ಇಳಿದ ಮೇಲೆ ಜಲಪಾತದ ಬಾಗಿಲವರೆಗಿನ ಬಸ್ಸನ್ನು ನಂಬಿ ಕೂರಬಾರದು. ನಾಲ್ಕೈದು ಜನ ಕೂಡಿ ಆಟೊ ಅಥವಾ ವ್ಯಾನು ಹಿಡಿದು, ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಬೇಕು. ಆ ದೃಷ್ಟಿಯಿಂದ ಬಸ್ಸಿನಲ್ಲಿ ಹೋಗುವವರಿಗೆ ಮಾಗೋಡು ಸಾತೊಡ್ಡಿಗಿಂತ ಅಗ್ಗ, ಜೋಗ ಉಂಚಳ್ಳಿಗಿಂತ ಅಗ್ಗ. ಕಾಡಿನ ಜಲಪಾತಗಳ ಬಳಿ ಅಂಗಡಿಯನ್ನೂ ನೆಚ್ಚುವಂತಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮನೆಯಿಂದಲೇ ಕಟ್ಟಿಕೊಂಡರೆ ಹೊಟ್ಟೆಯೂ ತಂಪು, ಮಂಗಗಳಿಗೆ ಆಸೆ ಹುಟ್ಟಿಸುವ ಚಿಪ್ಸಿನ ಪೊಟ್ಟಣಗಳೂ ಇರುವುದಿಲ್ಲ.

ಗದಗಿನಿಂದ ಎಪ್ಪತ್ತರ ತಂದೆಯನ್ನು ಅಕ್ಟೋಬರ್‌ನಲ್ಲಿ ಕರೆದೊಯ್ಯುವವರು ಮಾಗೋಡಿನ ಆಚೆ ಯೋಚಿಸಬೇಕಾಗಿಲ್ಲ. ಡಿಸೆಂಬರ್ ರಜೆಯಲ್ಲಿ ಮಕ್ಕಳೊಂದಿಗೆ ಹೊರಟವರಿಗೆ ಸಾತೊಡ್ಡಿ. ಹಾವೇರಿಯ ಗೆಳೆಯರ ಗುಂಪು ಬೈಕಿನಲ್ಲಿ ಹೊರಟಿದ್ದರೆ, ಮಂಜಿನ ತಿಂಗಳು ದಾಟಿದ್ದರೆ, ಉಂಚಳ್ಳಿ. ಹುಬ್ಬಳ್ಳಿಯಲ್ಲಿ ಒಂಟಿಯಾಗಿರುವ, ಜೇಬು ಚಿಕ್ಕದಾದ, ಆದರೆ ಜುಲೈನ ನೀರೇ ಬೇಕೆನ್ನುವ ಹುಡುಗನಿಗೆ ಗೋವೆಯ ರೈಲು. ಯಾವುದನ್ನೇ ಆರಿಸಿದರೂ ಮಳೆಗಾಲದಲ್ಲಿ ಜಿಲ್ಲಾಡಳಿತ ಅಥವಾ ಅರಣ್ಯ ಇಲಾಖೆ ಹಿಂದಿನ ಸಂಜೆಯಷ್ಟೇ ಪ್ರವೇಶ ನಿಲ್ಲಿಸುವುದುಂಟು. ಆದ್ದರಿಂದ ಹೊರಡುವ ಬೆಳಿಗ್ಗೆ ಉತ್ತರ ಕನ್ನಡದ ಸುದ್ದಿ ನೋಡಿ, ಆ ಊರಿನಲ್ಲಿ ಪರಿಚಯದವರಿದ್ದರೆ ಒಂದು ಫೋನು ಮಾಡಿ. ಸಾತೊಡ್ಡಿಯ ಗೇಟು ಮುಚ್ಚಿದೆಯೆಂದು ಯಲ್ಲಾಪುರದಲ್ಲಿ ತಿಳಿದರೆ ಗಾಡಿಯನ್ನು ಕವಡೀಕೆರೆಯ ಕಡೆ ತಿರುಗಿಸಿ. ಮಾಗೋಡಿನ ವೀಕ್ಷಣಾ ಸ್ಥಳ ತೆರೆದಿದ್ದರೆ ಸರಿ, ಅದೂ ಇಲ್ಲದಿದ್ದರೆ ಕೆರೆಯ ದಂಡೆಯಲ್ಲಿ ಬುತ್ತಿ ಮುಗಿಸಿ ಕತ್ತಲಾಗುವ ಮೊದಲು ಕಲಘಟಗಿ ದಾಟಬಹುದು.